ಧಾರವಾಡದಲ್ಲೊಂದು ಖೋಲಿ

ಪ್ರವಾಸಿಗಳಿಗೆ ಧಾರವಾಡ ಅರ್ಧ ದಿನದ ಊರು. ಲೈನ್ ಬಜಾರದಲ್ಲಿ ಪೇಢೆ, ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ಮುಗಿಯಿತೆಂದರೆ ಕಾರು ದಾಂಡೇಲಿ ಕಡೆ ತಿರುಗುತ್ತದೆ. ಅವರು ಸುಖವಾಗಿ ಹೋಗಿಬರಲಿ. ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು ನಾಲ್ಕಾರು ತಿಂಗಳು ಪರ ಊರಲ್ಲಿ ಕೂಡುವ ಆಸೆಯಿದ್ದವರಿಗೆ ಮಾತ್ರ ಈ ವಾರದ ಮಾತು.

ಈ ಆಸೆ ಹೊಸದೇನಲ್ಲ: 1829ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಅರ್ವಿಂಗ್ ಸ್ಪೇನಿನ ಗ್ರಾನಡಾಕ್ಕೆ ಹೋಗಿ ಅಲ್ಹಂಬ್ರಾ ಅರಮನೆಯೊಳಗೇ ಠಿಕಾಣಿ ಹೂಡಿದ್ದ. ನಮ್ಮಲ್ಲಿ ಅರಮನೆ ಇಲ್ಲ, ಖೋಲಿ ಸಿಗುತ್ತದೆ. ಬಂದವರನ್ನು ಉಳಿಸಿಕೊಳ್ಳುವ ಚಟ ಮಾತ್ರ ಈ ಊರಿಗೆ ಹಳೆಯದು. ಉನ್ನಾವದಿಂದ ಪ್ಲೇಗಿಗೆ ಹೆದರಿ ಬಂದ ಠಾಕೂರ ಮನೆತನ ಇಲ್ಲೇ ಪೇಢೆ ಕಟ್ಟಿತು. ಆ ಪೇಢೆಗೆ ಈಗ ಧಾರವಾಡದ್ದೇ ಹೆಸರು. ಇಂದೋರಿನ ಸಿತಾರ ಹಿಡಿದು ಬಂದ ರಹಿಮತ್ ಖಾನರು ಇಲ್ಲೇ ನಿಂತರು. ಮೊಮ್ಮಗ ಬಾಲೇಖಾನರು ಧಾರವಾಡದವರೆಂದೇ ದೇಶಕ್ಕೆ ಪರಿಚಿತರು.

ಇಂದಿನ ದೀರ್ಘ ಪ್ರವಾಸಿಗಳನ್ನು ನೋಡಬೇಕಾದರೆ ಸಪ್ತಾಪುರಕ್ಕೆ ಹೋಗಿ. ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದಲು ಬಂದ ಹುಡುಗ ಹುಡುಗಿಯರು ಓಣಿ ತುಂಬ ಇದ್ದಾರೆ. ತಿಂಗಳ ಲೆಕ್ಕದ ಖಾನಾವಳಿ, ತಡರಾತ್ರಿವರೆಗೂ ದೀಪ ಆರದ ವಾಚನಾಲಯ ಎಲ್ಲ ಅವರ ಪುಣ್ಯ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ನಿಮಗೂ ಅದೇ ದರಕ್ಕೆ ಸಿಗುತ್ತವೆ. ಆದರೆ ಗದ್ದಲ ಬೇಡವೆನ್ನುವವರು ಮಾಳಮಡ್ಡಿಯಲ್ಲಿ ಹಳೇ ಹಂಚಿನ ಮನೆ ಹುಡುಕುವುದು ಒಳ್ಳೆಯದು. ಮನೆಯ ಯಜಮಾನರು ಬಾಡಿಗೆ ಕೇಳುವ ಮೊದಲು ನಿಮ್ಮ ಊರು, ಅಪ್ಪನ ಕೆಲಸ, ಲಗ್ನ ಎಲ್ಲ ವಿಚಾರಿಸುತ್ತಾರೆ. ಸಿಟ್ಟಾಗಬೇಡಿ, ಆಮೇಲೆ ಓಣಿಯಲ್ಲಿ ಯಾರೂ ಮತ್ತೆ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಾಗಿರುತ್ತದೆ.

ಸಂಜೆಗಳನ್ನು 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಬಿಟ್ಟುಕೊಡಿ. ಅಲ್ಲಿ ಒಂದಿಲ್ಲೊಂದು ಭಾಷಣ, ಪುಸ್ತಕ ಬಿಡುಗಡೆ ನಡೆದೇ ಇರುತ್ತದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆಯ ಅಟ್ಟ ಸುಭಾಸ ರಸ್ತೆಯಲ್ಲಿದೆ. ವಿಮರ್ಶಕ ಕುರ್ತಕೋಟಿ, ನಾಟಕಕಾರ ಕಾರ್ನಾಡರು ಹರಟೆ ಹೊಡೆದ ಜಾಗ. ಪುಸ್ತಕ ಕೊಳ್ಳುವ ನೆಪದಲ್ಲಿ ಹತ್ತಿ, ಅವಸರ ಮಾಡದೆ ಇಳಿಯಿರಿ.

ಹುಬ್ಬಳ್ಳಿಯ ಪಾಲು? ಬಾಯಿರುಚಿ. 1962ರಲ್ಲಿ ಎರಡೂ ಊರಿಗೆ ಒಂದೇ ಮಹಾನಗರಪಾಲಿಕೆ ಆದರೂ ಸ್ವಭಾವ ಒಂದಾಗಲಿಲ್ಲ. ಹುಬ್ಬಳ್ಳಿ ವ್ಯಾಪಾರದ ಊರು, ನಿಂತವರನ್ನು ಕಂಡರೆ ಅದಕ್ಕೆ ಸಂಶಯ. ಚಿಗರಿ ಬಸ್ ಹತ್ತಿ, ದುರ್ಗದಬೈಲಿನಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದು, ಕತ್ತಲಾಗುವುದರೊಳಗೆ ಧಾರವಾಡಕ್ಕೆ ಮರಳಿ.

ಬರುವುದಾದರೆ ಚಳಿಗಾಲ ಕಾಯಬೇಡಿ. ಮಲೆನಾಡಿನ ಅಂಚಿನ ಈ ಊರಿನ ಜಿಟಿಜಿಟಿ ಮಳೆಯಲ್ಲಿ ಜನ ಮನೆಯಲ್ಲೇ ಇರುತ್ತಾರೆ, ಚಹಾಕ್ಕೆ ಕರೆಯುತ್ತಾರೆ. ಜೂನಿನಲ್ಲೇ ಬರ್ರಿ, ಛತ್ರಿ ಮರೀಬ್ಯಾಡ್ರಿ.