ಬಿಸ್ತ್ರಿತ್ಸ: ಒಂದೇ ಹೆಸರಿನ ಊರು-ಹೊಳೆಗಳಿಂದ ವಲಸೆಯ ಚರಿತ್ರೆ ಬರೆಯಬಹುದೇ?

ಬ್ರಾಮ್ ಸ್ಟೋಕರನ 'ಡ್ರಾಕುಲಾ' (1897) ಓದಿದವರಿಗೆ ಬಿಸ್ಟ್ರಿಟ್ಸ್ ಎಂಬ ಊರು ನೆನಪಿರುತ್ತೆ. ಕಾದಂಬರಿಯ ಮೊದಲ ದಿನಚರಿ ಶುರುವಾಗುವುದೇ ಆ ಹೆಸರಿನಿಂದ. ನಾನು ಅದನ್ನು ಓದಿದಾಗ ಊರೂ ಕಟ್ಟುಕತೆಯೇ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಅಟ್ಲಾಸ್ ತೆರೆದು ನೋಡಿದರೆ ಊರು ನಿಜಕ್ಕೂ ಟ್ರಾನ್ಸಿಲ್ವೇನಿಯಾದಲ್ಲಿದೆ, ರುಮೇನಿಯನ್ನರು ಅದನ್ನು ಬಿಸ್ತ್ರಿತ್ಸ ಅನ್ನುತ್ತಾರೆ. ಅದೇ ದೇಶದ ಪೂರ್ವಕ್ಕೆ ಅದೇ ಹೆಸರಿನ ನದಿಯೂ ಇದೆ. ಸ್ಲೊವಾಕಿಯಾಕ್ಕೆ ಹೋದರೆ ಬಾನ್ಸ್ಕಾ ಬಿಸ್ತ್ರಿತ್ಸ, ಪೊವಾಝ್‌ಸ್ಕಾ ಬಿಸ್ತ್ರಿತ್ಸ. ಸ್ಲೊವೇನಿಯಾದಲ್ಲಿ ಇಲಿರ್ಸ್ಕಾ ಬಿಸ್ತ್ರಿತ್ಸ, ಸ್ಲೊವೆನ್ಸ್ಕಾ ಬಿಸ್ತ್ರಿತ್ಸ ಎಂಬ ಊರುಗಳು, ಕಾಮ್ನಿಷ್ಕಾ ಬಿಸ್ತ್ರಿತ್ಸ ಎಂಬ ಹೊಳೆ. ಪೋಲೆಂಡಿನ ಲುಬ್ಲಿನ್ ಪಕ್ಕ ಹರಿಯುವ ನದಿಗೂ ಇದೇ ಹೆಸರಿನ ಪೋಲಿಷ್ ರೂಪ, ಬಿಸ್ಟ್‌ಶಿತ್ಸ. ಬಲ್ಗೇರಿಯಾದ ಸೋಫಿಯಾ ಹತ್ತಿರ ಬಿಸ್ತ್ರಿತ್ಸ ಎಂಬ ಹಳ್ಳಿ ಇದೆ. ಅಲ್ಲಿನ ಅಜ್ಜಿಯರ ಹಾಡಿನ ಪರಂಪರೆ ಯುನೆಸ್ಕೋ ಪಟ್ಟಿಯಲ್ಲಿದೆ. ದಕ್ಷಿಣ ಅಲ್ಬೇನಿಯಾದಲ್ಲೂ ಒಂದು ಬಿಸ್ತ್ರಿತ್ಸ ಹೊಳೆ. ಗ್ರೀಸಿನ ಅಲಿಯಾಕ್ಮೊನ್ ನದಿಗೆ ಜನ ಹೇಳುತ್ತಿದ್ದ ಹೆಸರು ವಿಸ್ತ್ರಿತ್ಸ.

ಸ್ಥಳನಾಮದಲ್ಲಿ ಆಸಕ್ತಿ ಇರುವ ಗೆಳೆಯರೊಬ್ಬರು ಇವಕ್ಕೆಲ್ಲ ಚುಕ್ಕಿ ಇಟ್ಟು, ಬಾಣಗಳಿಂದ ಜೋಡಿಸಿದ ನಕ್ಷೆಯೊಂದನ್ನು ಈಚೆಗೆ ತೋರಿಸಿದರು. ಬಾಣಗಳು ಕಾರ್ಪಾಥಿಯನ್ ಬೆಟ್ಟಗಳ ಉತ್ತರದಿಂದ ಹೊರಟು ಒಂದು ಬಿಸ್ತ್ರಿತ್ಸದಿಂದ ಇನ್ನೊಂದಕ್ಕೆ ಹಾರುತ್ತಾ ಗ್ರೀಸಿನವರೆಗೆ ಹೋಗುತ್ತವೆ. 6-7ನೇ ಶತಮಾನದಲ್ಲಿ ಸ್ಲಾವರು ಬಾಲ್ಕನ್ ನಾಡಿಗೆ ಇಳಿದ ದಾರಿ ಇದೇ ಅಂತ ಅವರ ವಾದ. ಸ್ಲಾವರು ಆ ಕಾಲದಲ್ಲಿ ಇಳಿದದ್ದರ ಬಗ್ಗೆ ನನಗೆ ತಕರಾರಿಲ್ಲ, ಬೈಜಾಂಟೈನ್ ಬರಹಗಾರರೇ ಅದನ್ನು ದಾಖಲಿಸಿದ್ದಾರೆ. ಚುಕ್ಕಿಗಳೂ ಸರಿಯಾಗಿವೆ. ನನ್ನ ತಕರಾರು ಬಾಣಗಳ ಬಗ್ಗೆ.

ಮೊದಲು ಪದವನ್ನೇ ನೋಡೋಣ. ಹಳೆಯ ಸ್ಲಾವಿಕ್‌ನಲ್ಲಿ 'ಬಿಸ್ತ್ರ್' ಎಂಬ ಗುಣವಾಚಕಕ್ಕೆ '-ಇತ್ಸ' ಪ್ರತ್ಯಯ ಸೇರಿ ಆದ ಹೆಸರಿದು. ರಷ್ಯನ್‌ನಲ್ಲಿ ಆ ಗುಣವಾಚಕಕ್ಕೆ 'ವೇಗದ' ಎಂಬ ಅರ್ಥ. ಸ್ಲೊವೇನ್, ಸರ್ಬಿಯನ್ ಭಾಷೆಗಳಲ್ಲಿ 'ತಿಳಿಯಾದ' ಅಂತ. ಪೋಲಿಷ್‌ನಲ್ಲಿ ರಭಸದ ನೀರಿಗೂ ಹೇಳುತ್ತಾರೆ, ಬುದ್ಧಿವಂತ ಹುಡುಗನಿಗೂ ಹೇಳುತ್ತಾರೆ. ನಮ್ಮ 'ಚುರುಕು' ಕಾಲಿಗೂ ತಲೆಗೂ ಸಲ್ಲುವ ಹಾಗೆ. ಬೆಟ್ಟದಿಂದ ಇಳಿಯುವ ಹೊಳೆಯ ನೀರು ಸಾಮಾನ್ಯವಾಗಿ ರಭಸವಾಗಿಯೂ ಇರುತ್ತೆ, ತಿಳಿಯಾಗಿಯೂ ಇರುತ್ತೆ. ಹೆಸರು ಮೊದಲು ಹೊಳೆಗೆ ಬಂತು, ಆಮೇಲೆ ದಡದ ಊರಿಗೆ ಅಂಟಿಕೊಂಡಿತು. ಬಾನ್ಸ್ಕಾ ಅಂದರೆ 'ಗಣಿಯ'. ಅದು ಗಣಿಗಾರರ ಊರು, 1255ರಲ್ಲಿ ಹಂಗೇರಿಯ ದೊರೆ ನಾಲ್ಕನೇ ಬೇಲಾ ಅದಕ್ಕೆ ಪಟ್ಟಣದ ಹಕ್ಕುಗಳನ್ನು ಕೊಟ್ಟ. ಒಂದೇ ಹೆಸರಿನ ಊರುಗಳು ಹೆಚ್ಚಾದಾಗ ಹೀಗೆ ಹಿಂದೊಂದು ಗುರುತಿನ ಪದ ಸೇರಿಸಿಕೊಳ್ಳುವುದು ಎಲ್ಲ ಕಡೆಯೂ ಇದ್ದದ್ದೇ.

ಅಂದರೆ ಇದು ನೀರನ್ನು ನೋಡಿ ಇಟ್ಟ ಹೆಸರು. ಒಂದೇ ಭಾಷೆ ಆಡುವ ಜನ ನೂರು ಕಡೆ ರಭಸದ ಹೊಳೆ ಕಂಡರೆ ನೂರು ಕಡೆಯೂ ಇದೇ ಹೆಸರು ಇಟ್ಟಾರು. ಅದಕ್ಕೆ ಒಂದು ಊರಿನವರು ಇನ್ನೊಂದು ಊರಿಗೆ ಹೋಗಬೇಕಾಗಿಲ್ಲ. ನಮ್ಮಲ್ಲಿ ಹಿರೇಹಳ್ಳ, ದೊಡ್ಡಹಳ್ಳ ಎಂಬ ಹೆಸರಿನ ಹಳ್ಳಗಳು ಎಷ್ಟಿಲ್ಲ? ಕೊಪ್ಪಳದ ಕಡೆಯ ಹಿರೇಹಳ್ಳದ ಹೆಸರನ್ನು ಯಾರೋ ಹೊತ್ತುಕೊಂಡು ಹೋಗಿ ಇನ್ನೊಂದು ಹಿರೇಹಳ್ಳಕ್ಕೆ ಇಟ್ಟರು ಅಂತ ನಾವು ಯಾರೂ ವಾದಿಸುವುದಿಲ್ಲ.

ವಲಸೆಗೆ ಸಾಕ್ಷಿ ಹೇಳುವ ಹೆಸರುಗಳೂ ಇವೆ, ಆದರೆ ಅವು ಬೇರೆ ಜಾತಿಯವು. ಆಸ್ಟ್ರಿಯಾದ ಮೂರ್ ನದಿಯ ದಡದಲ್ಲಿ ಕ್ರೌಬಾಥ್ ಎಂಬ ಊರಿದೆ. ಆ ಹೆಸರಿನೊಳಗೆ ಇರುವುದು 'ಕ್ರೊಆಟ್' ಎಂಬ ಜನಾಂಗದ ಹೆಸರು. ಸುತ್ತಲಿನವರು ಒಂದು ಊರನ್ನು ಹಾಗೆ ಗುರುತಿಸಬೇಕಾದರೆ ಅಲ್ಲಿದ್ದವರು ಸುತ್ತಲಿನವರಿಗಿಂತ ಬೇರೆ ಅನಿಸಿರಬೇಕು. ಕ್ರೌಬಾಥಿಗೆ ಬಾಣ ಹಾಕಿ, ನಾನು ಚರ್ಚೆಗೆ ಕೂರುತ್ತೇನೆ. ಬಿಸ್ತ್ರಿತ್ಸಕ್ಕೆ ಹಾಕಿದರೆ ಆಗಲ್ಲ.

ಈ ಬಾಣದ ಕಾಯಿಲೆ ಹವ್ಯಾಸಿಗಳದ್ದು ಮಾತ್ರ ಅಂತಲೂ ಅಲ್ಲ. 1830ರಲ್ಲಿ ಜರ್ಮನ್ ಇತಿಹಾಸಕಾರ ಫಾಲ್ಮೆರಾಯರ್ ಮೊರಿಯಾ ಪರ್ಯಾಯದ್ವೀಪದ ಮಧ್ಯಯುಗದ ಚರಿತ್ರೆಯ ಮೊದಲ ಸಂಪುಟ ತಂದ. ಆಗಷ್ಟೇ ಸ್ವತಂತ್ರವಾಗುತ್ತಿದ್ದ ಗ್ರೀಸಿನ ಜನರಲ್ಲಿ ಪ್ರಾಚೀನ ಹೆಲೀನರ ರಕ್ತ ಒಂದು ಹನಿಯೂ ಉಳಿದಿಲ್ಲ ಅಂತ ಬರೆದ. ಅವನ ಆಧಾರಗಳಲ್ಲಿ ಅಲ್ಲಿನ ಸ್ಲಾವಿಕ್ ಊರ ಹೆಸರುಗಳೂ ಸೇರಿದ್ದವು. ಊರ ಹೆಸರಿನಿಂದ ಭಾಷೆಗೆ, ಭಾಷೆಯಿಂದ ಜನಕ್ಕೆ, ಜನರಿಂದ ರಕ್ತಕ್ಕೆ ಮೂರು ಜಿಗಿತ. ಮೊದಲನೆಯದಕ್ಕೆ ಮಾತ್ರ ಕಾಲಿಡಲು ನೆಲ ಇತ್ತು.

1941ರಲ್ಲಿ ಬರ್ಲಿನ್‌ನಲ್ಲಿ ಮಾಕ್ಸ್ ಫಾಸ್ಮರ್ ಅವರ 'ಗ್ರೀಸಿನಲ್ಲಿ ಸ್ಲಾವರು' ಎಂಬ ಜರ್ಮನ್ ಗ್ರಂಥ ಬಂತು. ಇವರು ಫಾಲ್ಮೆರಾಯರ್ ತರಹದವರಲ್ಲ. ಮುಂದೆ ರಷ್ಯನ್ ಭಾಷೆಯ ನಿರುಕ್ತ ಕೋಶ ಕೊಟ್ಟ ದೊಡ್ಡ ವಿದ್ವಾಂಸ. ಗ್ರೀಸಿನ ಎರಡು ಸಾವಿರಕ್ಕೂ ಹೆಚ್ಚು ಸ್ಲಾವಿಕ್ ಮೂಲದ ಹೆಸರುಗಳನ್ನು ಪ್ರಾಂತ್ಯವಾರು ಜೋಡಿಸಿ, ಒಂದೊಂದಕ್ಕೂ ಸ್ಲಾವಿಕ್ ಮೂಲರೂಪ, ಬೇರೆ ಸ್ಲಾವ್ ನಾಡುಗಳ ಸಮಾನ ಹೆಸರು ಕೊಟ್ಟಿದ್ದಾರೆ. ಇವತ್ತಿಗೂ ಈ ವಿಷಯಕ್ಕೆ ಕೈಹಾಕುವವರು ಅದನ್ನು ಪಕ್ಕಕ್ಕಿಟ್ಟು ಕೆಲಸ ಮಾಡೋಕೆ ಆಗಲ್ಲ.

ಆದರೂ ಆ ಗ್ರಂಥದ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂದು, ಅದು ಮುಖ್ಯವಾಗಿ ಊರುಗಳ ಹೆಸರನ್ನು ಅವಲಂಬಿಸಿದೆ. ಹೊಲ, ತೋಪು, ಬಾವಿ, ಕಣಿವೆಗಳ ಸಣ್ಣ ಹೆಸರುಗಳು ಪಟ್ಟಿಗೆ ಸಿಗುವುದಿಲ್ಲ, ಅವನ್ನು ಊರಿಗೆ ಹೋಗಿಯೇ ಕೇಳಬೇಕು. ಒಂದು ಭಾಷೆ ಆ ನೆಲದಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಅನ್ನೋದು ಗೊತ್ತಾಗುವುದು ಅವುಗಳಿಂದ. 1981ರಲ್ಲಿ ಫೈಡೊನ್ ಮಲಿಂಗುದಿಸ್ ಎಂಬ ಗ್ರೀಕ್ ವಿದ್ವಾಂಸ ಮಾನಿ ಪ್ರದೇಶದ ಹೊಲಗದ್ದೆಗಳ ಹೆಸರುಗಳನ್ನು ಹಿಡಿದು ಈ ಕೊರತೆ ತುಂಬಲು ಶುರುಮಾಡಿದರು. ಎರಡು, ಸಂಖ್ಯೆಗಳ ಅಪಾಯ. ಪ್ರಾಂತ್ಯವಾರು ಎಣಿಕೆ ಕೈಗೆ ಸಿಕ್ಕಿದ ಕೂಡಲೇ ಓದುಗರು ಅದನ್ನು ಜನಗಣತಿಯ ಹಾಗೆ ಓದಿಬಿಡುತ್ತಾರೆ. ಎಂಟು ಶತಮಾನಗಳ ಅಂತರದಲ್ಲಿ ಹುಟ್ಟಿದ ಹೆಸರುಗಳು ಒಂದೇ ಮೊತ್ತದಲ್ಲಿ ಸೇರಿಹೋಗುತ್ತವೆ.

ಇದಕ್ಕೆ ಒಂದು ಉದಾಹರಣೆ ಕೊಡ್ತೀನಿ. ರುಮೇನಿಯಾದಲ್ಲಿ ದುಂಬ್ರಾವ, ಪೊಯಾನ ಎಂಬ ಹೆಸರಿನ ಊರುಗಳು ಬೇಕಾದಷ್ಟಿವೆ. ಎರಡೂ ಮೂಲದಲ್ಲಿ ಸ್ಲಾವಿಕ್: ಒಂದು ತೋಪು, ಇನ್ನೊಂದು ಕಾಡಿನ ನಡುವಿನ ಬಯಲು. ಆದರೆ ಇವೆರಡೂ ರುಮೇನಿಯನ್ನರ ದಿನಬಳಕೆಯ ಮಾತಿನಲ್ಲಿ ಕರಗಿಹೋದ ಪದಗಳು. ಊರಿಗೆ ದುಂಬ್ರಾವ ಅಂತ ಹೆಸರಿಟ್ಟವನು ಸ್ಲಾವಿಕ್‌ನ ಒಂದಕ್ಷರವೂ ಗೊತ್ತಿಲ್ಲದ ರುಮೇನಿಯನ್ ರೈತನೂ ಆಗಿರಬಹುದು. ನಮ್ಮ ಊರಿನ ಹೆಸರಲ್ಲಿ 'ಪುರ' ಇದ್ದ ಮಾತ್ರಕ್ಕೆ ಅಲ್ಲಿ ಸಂಸ್ಕೃತ ಮನೆಮಾತಾಗಿತ್ತು ಅನ್ನೋಕಾಗುತ್ತಾ? ಬಿಸ್ತ್ರಿತ್ಸದ ವಿಷಯ ಬೇರೆ. ರುಮೇನಿಯನ್ ಆಡುಮಾತಿನಲ್ಲಿ ವೇಗಕ್ಕೆ 'ರೆಪೆದೆ' ಅನ್ನುತ್ತಾರೆ. ಹಾಗಾಗಿ ಬಿಸ್ತ್ರಿತ್ಸ ಎಂದು ಹೆಸರಿಟ್ಟವರು ಸ್ಲಾವಿಕ್ ಮಾತಾಡುತ್ತಿದ್ದವರು ಅನ್ನಲು ಹೆಚ್ಚು ಬಲ ಇದೆ. ಎಣಿಕೆಯಲ್ಲಿ ಎರಡಕ್ಕೂ ಒಂದೊಂದೇ ಅಂಕ.

ಹಾಗಾದರೆ ಕಾಲ ಗೊತ್ತುಮಾಡೋದು ಹೇಗೆ? ತೇದಿಯಿಲ್ಲದ ಶಾಸನ ಸಿಕ್ಕರೆ ನಾವು ಲಿಪಿ ನೋಡುತ್ತೇವೆ. ಹೆಸರಿನಲ್ಲಿ ನೋಡಬೇಕಾದ್ದು ಧ್ವನಿಯನ್ನು. ಕನ್ನಡ ಶಾಸನ ಓದುವವರಿಗೆ ಇದು ಹೊಸದಲ್ಲ. ಪದದ ಮೊದಲ 'ಪ' ಸುಮಾರು 10ನೇ ಶತಮಾನದಿಂದ 'ಹ' ಆಗುತ್ತಾ ಬಂತು, 'ಪಳ್ಳಿ' ಹೋಗಿ 'ಹಳ್ಳಿ' ಬಂತು. ಹೆಸರಿನ ರೂಪವೇ ಕಾಲದ ಸುಳಿವು ಕೊಡುತ್ತೆ.

ಬಿಸ್ತ್ರಿತ್ಸಕ್ಕೂ ಹೀಗೇ. ಆಸ್ಟ್ರಿಯಾದ ಕರಿಂಥಿಯಾ, ಸ್ಟಿರಿಯಾ ಪ್ರಾಂತ್ಯಗಳಲ್ಲಿ ಫೈಸ್ಟ್ರಿಟ್ಸ್ ಎಂಬ ಊರು-ಹೊಳೆಗಳು ಹತ್ತಾರು ಇವೆ. ಅವೆಲ್ಲ ಬಿಸ್ತ್ರಿತ್ಸಗಳೇ. ಹಳೆಯ ಬವೇರಿಯನ್ ಜರ್ಮನ್ ಮಾತಿನಲ್ಲಿ ಸ್ಲಾವರ ಘೋಷ 'ಬ'ಕ್ಕೆ ಸರಿಹೊಂದುವ ಧ್ವನಿ ಇರಲಿಲ್ಲ, ಕೇಳಿದವರು 'ಫ/ವ' ಹಾಕಿಕೊಂಡರು. 'ಐ' ಬಂದದ್ದು ಜರ್ಮನ್‌ನ ದೀರ್ಘಸ್ವರಗಳು ಒಡೆದು ಸಂಧ್ಯಕ್ಷರ ಆದಾಗ. ಬವೇರಿಯನ್ ಸೀಮೆಯಲ್ಲಿ ಅದು 12ನೇ ಶತಮಾನದ ಹೊತ್ತಿಗೆ ಶುರುವಾಗಿತ್ತು. ಹೆಸರು ಆ ಬದಲಾವಣೆಗೆ ಸಿಕ್ಕಿಕೊಂಡಿದೆ ಅಂದರೆ ಅದಕ್ಕೂ ಮೊದಲೇ ಜರ್ಮನ್ ಬಾಯಿಗೆ ಬಿದ್ದಿತ್ತು ಅಂತಾಯಿತು. ಟ್ರಾನ್ಸಿಲ್ವೇನಿಯಾದ ಬಿಸ್ಟ್ರಿಟ್ಸ್‌ನಲ್ಲಿ 'ಬ'ವೂ ಹಾಗೇ ಇದೆ, 'ಇ'ಯೂ ಹಾಗೇ ಇದೆ. ಅದೇ ಜರ್ಮನ್ ಭಾಷೆ, ಆದರೆ ಹೆಸರು ಕೈಬದಲಾದ ಕತೆ ಬೇರೆ. ಗ್ರೀಕ್‌ನಲ್ಲಿ ಬೀಟಾ ಅಕ್ಷರದ ಉಚ್ಚಾರ ಅಷ್ಟರೊಳಗೆ 'ವ' ಆಗಿಹೋಗಿತ್ತು, ಅದಕ್ಕೇ ಅಲ್ಲಿ ವಿಸ್ತ್ರಿತ್ಸ. ನಕ್ಷೆಯಲ್ಲಿ ಇವೆಲ್ಲ ಒಂದೇ ಬಣ್ಣದ ಚುಕ್ಕಿಗಳು. ರೂಪಕ್ಕೊಂದು ಬಣ್ಣ ಕೊಟ್ಟಿದ್ದರೆ ಬಾಣಗಳ ಅಗತ್ಯವೇ ಇರುತ್ತಿರಲಿಲ್ಲ.

ಧ್ವನಿಗಿಂತ ಗಟ್ಟಿ ಸಾಕ್ಷಿ ದಾನಪತ್ರಗಳದ್ದು. ಕೊಸೊವೊದ ದೆಚಾನಿ ಮಠ ಇರುವುದು ದೆಚಾನ್ಸ್ಕಾ ಬಿಸ್ತ್ರಿತ್ಸ ಹೊಳೆಯ ಕಣಿವೆಯಲ್ಲಿ. ಸರ್ಬಿಯಾದ ದೊರೆ ಸ್ತೆಫಾನ್ ದೆಚಾನ್ಸ್ಕಿ 1330ರಲ್ಲಿ ಅದಕ್ಕೆ ದತ್ತಿ ಬರೆಸಿಕೊಟ್ಟ. ನಮ್ಮ ದಾನಶಾಸನಗಳಲ್ಲಿ ಚತುಸ್ಸೀಮೆ ಹೇಳುವ ಹಾಗೆ ಅಲ್ಲೂ ಊರುಗಳ ಎಲ್ಲೆ ಹೇಳಿದ್ದಾರೆ. ಜೊತೆಗೆ ಮನೆ ಯಜಮಾನರ ಹೆಸರುಗಳನ್ನೂ ಪಟ್ಟಿಮಾಡಿದ್ದಾರೆ, ಇದು ಬಹಳ ದೊಡ್ಡ ಲಾಭ. ಆ ಪಟ್ಟಿಯಲ್ಲಿ ಸ್ಲಾವಿಕ್ ಹೆಸರುಗಳೇ ಜಾಸ್ತಿ. ಆದರೆ ವ್ಲಾಖ್ ಮತ್ತು ಅಲ್ಬೇನಿಯನ್ ಕುರುಬರ ಗುಂಪುಗಳೂ ಬೇರೆಯಾಗಿ ಬರುತ್ತವೆ. ಹೊಳೆಯ ಹೆಸರು ಒಂದೇ, ಅದರ ನೀರು ಕುಡಿದವರು ಮೂರು ಮಾತಿನವರು. ಇವತ್ತಿಗೂ ಪ್ರಿಜ್ರೆನ್ ಪಟ್ಟಣದ ನಡುವೆ ಹರಿಯುವ ಹೊಳೆಗೆ ಸರ್ಬಿಯನ್‌ನಲ್ಲಿ ಬಿಸ್ತ್ರಿತ್ಸ, ಅಲ್ಬೇನಿಯನ್‌ನಲ್ಲಿ ಲುಂಬಾರ್ಧಿ, ಅಂದರೆ ಬಿಳಿಹೊಳೆ. ಎರಡೂ ಅದೇ ನೀರನ್ನು ನೋಡಿ ಇಟ್ಟ ಹೆಸರುಗಳು. ಇದರಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ನೆಲ ಯಾರದ್ದು ಅಂತ ತೀರ್ಮಾನ ಹೇಳೋದು ಓದಿನ ಕೆಲಸ ಅಲ್ಲ.

ಆ ತೀರ್ಮಾನ ಹೇಳಿದ ಕಡೆ ಏನಾಗಿದೆ ನೋಡಿ. ಗ್ರೀಸ್ 1909ರಲ್ಲೇ ಸ್ಥಳನಾಮಗಳ ಸಮಿತಿ ಮಾಡಿತು. 1920ರ ದಶಕದಲ್ಲಿ ಸಾವಿರಾರು ಊರುಗಳ ಸ್ಲಾವಿಕ್, ಟರ್ಕಿಷ್ ಹೆಸರುಗಳು ಬದಲಾದವು. ಫಾಲ್ಮೆರಾಯರನ ವಾದವನ್ನು ತಿರಸ್ಕರಿಸಿದವರೇ ಅವನ ತರ್ಕವನ್ನು ಒಪ್ಪಿಕೊಂಡಂತಾಯಿತು: ಹೆಸರು ಉಳಿದರೆ ನೆಲ ಹೋಗುತ್ತೆ ಅನ್ನೋ ಭಯ. ಸಿಲೇಸಿಯಾದಲ್ಲಿ ಇದರ ಇನ್ನೊಂದು ಮುಖ. ಅಲ್ಲಿನ ನದಿಯೊಂದನ್ನು ಜರ್ಮನ್ನರು ಶತಮಾನಗಳ ಕಾಲ ವೈಸ್ಟ್ರಿಟ್ಸ್ ಅಂದರು; ಅದೂ ಬಿಸ್ತ್ರಿತ್ಸವೇ. 1945ರ ನಂತರ ಆ ನಾಡು ಪೋಲೆಂಡಿಗೆ ಸೇರಿ ಹೆಸರು ಬಿಸ್ಟ್‌ಶಿತ್ಸ ಆಯಿತು. ಭಾಷಾಶಾಸ್ತ್ರದ ಪ್ರಕಾರ ಅದು ಸರಿಯೇ. ಆದರೆ ವೈಸ್ಟ್ರಿಟ್ಸ್ ಅನ್ನುತ್ತಿದ್ದ ಜನರನ್ನು ಅಲ್ಲಿಂದ ಹೊರಹಾಕಲಾಯಿತು, ಹೆಸರಿನ ಹಳೆತನ ಆ ಕೆಲಸಕ್ಕೆ ಸಮರ್ಥನೆಯಾಗಿ ಬಳಕೆಯಾಯಿತು.

ಕರಿಂಥಿಯಾದಲ್ಲಿ ಜಗಳ ನಾಮಫಲಕದ್ದು. 1955ರ ಆಸ್ಟ್ರಿಯಾ ಒಪ್ಪಂದದ 7ನೇ ವಿಧಿ ಸ್ಲೊವೇನ್ ಅಲ್ಪಸಂಖ್ಯಾತರಿಗೆ ಎರಡು ಭಾಷೆಯ ಫಲಕದ ಹಕ್ಕು ಕೊಟ್ಟಿತ್ತು. 1972ರಲ್ಲಿ 205 ಊರುಗಳಿಗೆ ಫಲಕ ಹಾಕಲು ಹೊರಟಾಗ ಗುಂಪುಗಳು ಬಂದು ಕಿತ್ತುಹಾಕಿದವು. 2011ರಲ್ಲಿ 164 ಊರುಗಳಿಗೆ ಒಪ್ಪಂದವಾಯಿತು. ಫೈಸ್ಟ್ರಿಟ್ಸ್ ಅಂತ ದಿನಾ ಹೇಳುವವರಿಗೆ ಪಕ್ಕದಲ್ಲಿ ಬಿಸ್ತ್ರಿತ್ಸ ಅಂತ ಬರೆದರೆ ಯಾಕೆ ಕೋಪ ಬರಬೇಕು? ಅವರು ಹೇಳುತ್ತಿರುವುದೂ ಅದೇ ಹೆಸರು. ಕೋಪ ಬರುವುದು ಹೆಸರನ್ನು ಹಕ್ಕುಪತ್ರ ಅಂತ ಓದುವ ಅಭ್ಯಾಸದಿಂದ. ಆ ಅಭ್ಯಾಸ ಬೆಳೆಸಿದ್ದರಲ್ಲಿ ನಮ್ಮಂಥ ಹಳೆಯ ಹೆಸರು ಹುಡುಕುವವರ ಪಾಲೂ ಇದೆ.

ಗೆಳೆಯರಿಗೆ ನಕ್ಷೆ ವಾಪಸ್ ಕೊಟ್ಟಾಗ ನಾನು ಹೇಳಿದ್ದು ಇಷ್ಟೇ: ಬಾಣಗಳನ್ನು ಅಳಿಸಿ. ಪ್ರತಿ ಚುಕ್ಕಿಯ ಪಕ್ಕ ಆ ಹೆಸರು ಮೊದಲು ಬರಹದಲ್ಲಿ ಸಿಕ್ಕ ವರ್ಷ ಹಾಕಿ, ಸಿಕ್ಕಿದ ರೂಪವನ್ನು ಇದ್ದ ಹಾಗೇ ಬರೆಯಿರಿ. ಅದೇ ಜಾಗಕ್ಕೆ ಬೇರೆ ಭಾಷೆಯಲ್ಲಿ ಇರುವ ಹೆಸರನ್ನೂ ಸೇರಿಸಿ. ಅವರು ಸ್ವಲ್ಪ ಬೇಜಾರು ಮಾಡಿಕೊಂಡರು, ಬಾಣ ಇಲ್ಲದ ನಕ್ಷೆಯನ್ನು ಯಾರು ನೋಡ್ತಾರೆ ಅಂದರು. ನಾನಂತೂ ನೋಡ್ತೀನಿ ಅಂದೆ.