ಬಾಟಲಿಯೊಳಗಿನ ಹೊಳೆ

ಮುತ್ತತ್ತಿಯಲ್ಲಿ ಕಾವೇರಿ ಬಂಡೆಗಳ ನಡುವೆ ನುಗ್ಗುವಾಗ ನೀರಿಗೆ ಗಾಳಿ ಬೆರೆಯುತ್ತದೆ. ಕಲ್ಲು, ಮರಳಿಗೆ ಅಂಟಿದ ಬ್ಯಾಕ್ಟೀರಿಯಾ ಮೀನಿನ ಕೊಳೆಯನ್ನು ಕರಗಿಸುತ್ತವೆ. ಮನೆಯಲ್ಲೇ ಮಾಡಿದ ಅಕ್ವೇರಿಯಂ ಫಿಲ್ಟರಿನದೂ ಇದೇ ಕೆಲಸ. ಖಾಲಿ ಬಾಟಲಿ, ಒರಟು ಸ್ಪಂಜು, ಗಾಳಿ ಪಂಪು, ಇಷ್ಟೇ ಸಾಮಾನು. ಇಷ್ಟು ಕಡಿಮೆಯಲ್ಲಿ ಇಷ್ಟು ದೊಡ್ಡ ಕೆಲಸ ಮಾಡುವ ಸಾಧನ ಕಂಡರೆ ನನಗೆ ಗೌರವ.

ಮೀನು ಹೊರಬಿಡುವ ಅಮೋನಿಯಾ ಮೀನಿಗೇ ವಿಷ. ಸ್ಪಂಜಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬಳಗ ನೆಲೆಯೂರಲು ನಾಲ್ಕಾರು ವಾರ ಬೇಕು. ಹಾಗಾಗಿ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಲ್ಲೇ ಮೆಲ್ಲಗೆ ಹಿಂಡಿದರೆ ಸಾಕು. ದೊಡ್ಡ ಫಿಲ್ಟರ್ ಕಟ್ಟುವುದಾದರೆ ಹೊಸ ಸ್ಪಂಜು ಹಳೆಯದರ ಪಕ್ಕದಲ್ಲೇ ತಿಂಗಳೊಪ್ಪತ್ತು ಓಡಲಿ. ಕರೆಂಟು ಗಂಟೆಗಟ್ಟಲೆ ಹೋಗಿ ಬಂದರೆ, ಉಸಿರುಗಟ್ಟಿದ ಸ್ಪಂಜನ್ನು ಹಿಂಡಿದ ಮೇಲೆಯೇ ಪಂಪು ಹಾಕಿ.

ಬಾಟಲಿಯೊಳಗೆ ತುಂಬಲು ಮುತ್ತತ್ತಿಯ ಹೊಳೆಗಲ್ಲು ತರುವ ಆಸೆ ಸಹಜ. ತರಬೇಡಿ. ಆ ಜಾಗ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದೊಳಗಿದೆ. ಆ ನದಿಯ ಡುಬ್ಬದ ಮಹಶೀರ್ ಮೀನು ಅಳಿವಿನ ಅಂಚಿನಲ್ಲಿದೆ. ಒಡೆದ ಮಣ್ಣಿನ ಕುಂಡದ ಚೂರುಗಳಲ್ಲೂ ಬ್ಯಾಕ್ಟೀರಿಯಾ ಚೆನ್ನಾಗಿಯೇ ಬೆಳೆಯುತ್ತವೆ.

ಪಂಪು ನೀರಿನ ಮಟ್ಟಕ್ಕಿಂತ ಮೇಲಿರಲಿ. ಆಗದಿದ್ದರೆ ನೀರು ಹಿಂದಕ್ಕೆ ಬಾರದಂತೆ ಕೊಳವೆಗೆ ವಾಲ್ವು ಹಾಕಿ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಿದರೆ, ಇಳಿದುಬಂದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ತೊಟ್ಟಿಗೆ ಕೈ ಹಾಕುವ ಮುನ್ನ ಪ್ಲಗ್ಗು ಕಿತ್ತಿರಲೇಬೇಕು.