ಸಭಾಧ್ಯಕ್ಷರ ಆದೇಶ, ಹೊಸಪೇಟೆಯ ಮತ

2019ರ ಜುಲೈ 28ರ ಭಾನುವಾರ ವಿಧಾನಸಭೆಯ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಹದಿನಾಲ್ಕು ಶಾಸಕರನ್ನು ಅನರ್ಹಗೊಳಿಸಿದರು. ವಿಜಯನಗರ ಕ್ಷೇತ್ರದ, ಅಂದರೆ ಹೊಸಪೇಟೆಯ, ಆನಂದ್ ಸಿಂಗ್ ಅವರಲ್ಲೊಬ್ಬರು. 2023ರಲ್ಲಿ ಸದನದ ಅವಧಿ ಮುಗಿಯುವವರೆಗೆ ಇವರು ಚುನಾವಣೆಗೇ ನಿಲ್ಲುವಂತಿಲ್ಲ ಎಂದೂ ಸೇರಿಸಿದರು. ಮಾತಿನಲ್ಲಿ ರಮೇಶ್ ಕುಮಾರ್ ಅವರನ್ನು ಮೀರಿಸುವವರು ಆ ಸದನದಲ್ಲಿ ವಿರಳ. ಆದೇಶ ಮಾತ್ರ ಮಾತಿನಷ್ಟು ಗಟ್ಟಿಯಾಗಿರಲಿಲ್ಲ.

ಆನಂದ್ ಸಿಂಗ್ ಜುಲೈ 1ರಂದೇ ರಾಜೀನಾಮೆ ಕೊಟ್ಟಿದ್ದರು. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕು ಕಂಪನಿಗೆ ಸರ್ಕಾರ 3,600ಕ್ಕೂ ಹೆಚ್ಚು ಎಕರೆ ಜಮೀನು ಮಾರುವುದನ್ನು ಅವರು ವಿರೋಧಿಸಿದ್ದರು. ಅದೇ ನಿಜವಾದ ಕಾರಣವೆಂದು ಊರಲ್ಲಿ ಎಷ್ಟು ಜನ ನಂಬಿದರೋ, ಅದು ಬೇರೆ ಮಾತು. ಸಂವಿಧಾನದ 190ನೇ ವಿಧಿಯಂತೆ ಸಭಾಧ್ಯಕ್ಷರು ನೋಡಬೇಕಾದ್ದು ಎರಡೇ: ಸ್ವಇಚ್ಛೆಯಿಂದ ಬರೆದದ್ದೇ, ನೈಜವೇ? ಶಾಸಕರು ಕೊಟ್ಟಿದ್ದ ಹದಿಮೂರು ರಾಜೀನಾಮೆ ಪತ್ರಗಳಲ್ಲಿ ಎಂಟು ನಮೂನೆಯಲ್ಲಿಲ್ಲ ಎಂದ ರಮೇಶ್ ಕುಮಾರ್, ಆನಂದ್ ಸಿಂಗ್ ಪತ್ರ ಕ್ರಮಬದ್ಧವಾಗಿದೆ ಎಂದೇ ಹೇಳಿದ್ದರು. ಆದರೂ ಅದು ಇತ್ಯರ್ಥವಾಗಲಿಲ್ಲ. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು. ಆದೇಶ ಬಂದದ್ದು ಅದಾದ ಮೇಲೆ. ನನ್ನ ತಕರಾರು ಆ ನಡುವಿನ ದಿನಗಳ ಬಗ್ಗೆ.

ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, 2023ರವರೆಗಿನ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಆನಂದ್ ಸಿಂಗ್ ಬಿಜೆಪಿಯಿಂದ ಗೆದ್ದು, ಮಂತ್ರಿಯೂ ಆದರು. 2021ರಲ್ಲಿ ಅವರಿದ್ದ ಸಂಪುಟವೇ ಜಿಂದಾಲ್‌ಗೆ ಜಮೀನು ಕೊಡಲು ಒಪ್ಪಿ, ಆಮೇಲೆ ತಡೆಹಿಡಿಯಿತು!

ಇದನ್ನು ಬೆಂಗಳೂರಿನ ಒಂದು ಪೀಠದ ದೋಷವೆಂದು ಬಿಟ್ಟುಬಿಡುವಂತಿಲ್ಲ. ಪಕ್ಷಾಂತರ ತಡೆಯಲೆಂದು ಬಂದ 1985ರ ಹತ್ತನೇ ಅನುಸೂಚಿ ಲೋಕಸಭೆಯ ಸ್ಪೀಕರ್ ಕೈಗೂ ಅನರ್ಹಗೊಳಿಸುವ ಇದೇ ಅಧಿಕಾರ ಕೊಟ್ಟಿದೆ, ಗಡುವಿಲ್ಲದೆ. 1992ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೈಕಿ ಮೂವರು ಅದನ್ನು ಒಪ್ಪಿದರು. ಸದನದ ಬಹುಮತವನ್ನೇ ನೆಚ್ಚಿಕೊಂಡ ಸ್ಪೀಕರ್ ನಿಷ್ಪಕ್ಷಪಾತಿ ತೀರ್ಪುಗಾರನಾಗಲಾರ ಎಂದು ಇಬ್ಬರು ಒಪ್ಪಲಿಲ್ಲ. ನನ್ನ ಮತ ಆ ಇಬ್ಬರಿಗೆ. 1967ರಲ್ಲಿ ಸ್ಪೀಕರ್ ಆದ ನೀಲಂ ಸಂಜೀವ ರೆಡ್ಡಿ ಕಾಂಗ್ರೆಸ್ ಬಿಟ್ಟರು ನಿಜ. ಅಂಥವರು ಎಷ್ಟು ಜನ? 2008ರಲ್ಲಿ ಪಕ್ಷ ಹೇಳಿದಂತೆ ಪೀಠ ಬಿಡದ ಸೋಮನಾಥ ಚಟರ್ಜಿಯವರನ್ನು ಸಿಪಿಎಂ ಉಚ್ಚಾಟಿಸಿತು.

ಮಣಿಪುರದ ಅನರ್ಹತೆಯ ಪ್ರಕರಣವೊಂದರಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವಿನ ಜೊತೆಗೆ, ಈ ಅಧಿಕಾರವನ್ನು ಸ್ವತಂತ್ರ ನ್ಯಾಯಮಂಡಳಿಗೆ ವಹಿಸುವ ಸಲಹೆಯನ್ನೂ ಕೊಟ್ಟಿತು. ಎಲ್ಲರೂ ಹಿಡಿದುಕೊಂಡದ್ದು ಗಡುವನ್ನು. ಹೊಸಪೇಟೆಯ ಪ್ರಕರಣ ಒಂದೇ ತಿಂಗಳಲ್ಲಿ ಮುಗಿದಿತ್ತು. ಯಾವ ಗಡುವಿಗೂ ಅದು ಸಿಕ್ಕಿಬೀಳುತ್ತಿರಲಿಲ್ಲ. ಸಂಸತ್ತು ಕೈಹಾಕಬೇಕಾದ್ದು ಎರಡನೆಯ ಸಲಹೆಗೆ.